ಒಂದು ಸಂಪು, ನಾಲ್ಕು ಟ್ಯಾಂಕ್, ಐದು ಕಂಟ್ರೋಲರ್: ಡಿಸ್ಟ್ರಿಬ್ಯೂಟೆಡ್ ಕಂಟ್ರೋಲ್ ವಿನ್ಯಾಸ, ಹಂತ ಹಂತವಾಗಿ

ಒಂದು ಟ್ಯಾಂಕಿಗೆ ಕಂಟ್ರೋಲರ್, ಅಂದರೆ ಮಟ್ಟ ನೋಡಿ ನೀರು ಬಿಟ್ಟು ನಿಲ್ಲಿಸುವ ಚಿಕ್ಕ ಕಂಪ್ಯೂಟರ್, ಮಾಡುವುದು ಬಹಳ ಜನಕ್ಕೆ ಬರುತ್ತದೆ. ಅದೇ ಕೋಡನ್ನು ನಾಲ್ಕು ಟ್ಯಾಂಕಿಗೆ ಹಾಕಿ ನಡುವೆ ವೈಫೈ ಜೋಡಿಸಿದ ಮೇಲೆ ಕಷ್ಟ ಶುರುವಾಗುತ್ತದೆ. ಎ ಬ್ಲಾಕಿನ ಟ್ಯಾಂಕ್ ತುಂಬಿ ಹರಿಯುತ್ತದೆ, ಡಿ ಬ್ಲಾಕಿನ ನಲ್ಲಿ ಒಣಗಿರುತ್ತದೆ, ಪಂಪ್ ರೂಮಿನಿಂದ "ಸಾರ್, ಮೋಟ್ರು ಸುಮ್ನೆ ಆನ್ ಆಫ್ ಆಗ್ತಾನೇ ಇದೆ" ಅಂತ ಫೋನ್ ಬರುತ್ತದೆ. ಬೆಂಗಳೂರಿನಲ್ಲಿ ಇಂಥ ಕೆಲಸಕ್ಕೆ ಕೈಹಾಕಿದ ಎಂಜಿನಿಯರಿಂಗ್ ಹುಡುಗರೂ ಅಪಾರ್ಟ್‌ಮೆಂಟ್ ಕಮಿಟಿಯವರೂ ನನಗೆ ತೋರಿಸಿದ ಸಿಸ್ಟಂಗಳು ಬಹುಪಾಲು ಒಂದೇ ಕಡೆ ಎಡವಿದ್ದವು. ಅಲ್ಗಾರಿದಮ್ ಮೊದಲು ಆರಿಸಿದ್ದರು. ಯಾವ ಕಂಟ್ರೋಲರಿಗೆ ಯಾವ ವಿಷಯ ಎಷ್ಟು ಹೊತ್ತಿಗೆ ಗೊತ್ತಾಗುತ್ತದೆ ಅನ್ನುವುದನ್ನು ಕೊನೆಗೆ ನೋಡಿದ್ದರು.

ಈ ಬರಹದಲ್ಲಿ ಆ ಕ್ರಮವನ್ನು ತಿರುಗಿಸಿದ್ದೇನೆ. ಹೀಗೆ ಹಲವು ಕಂಟ್ರೋಲರ್ ಸೇರಿ ಒಂದೇ ಸಿಸ್ಟಂ ನಡೆಸುವುದಕ್ಕೆ ಡಿಸ್ಟ್ರಿಬ್ಯೂಟೆಡ್ ಕಂಟ್ರೋಲ್ ಅನ್ನುತ್ತಾರೆ. ದಯವಿಟ್ಟು ಹಂತ ಹಾರಿಸಬೇಡಿ. ಆರನೇ ಹಂತಕ್ಕೆ ನೇರವಾಗಿ ಜಿಗಿದವರೇ ಜಾಸ್ತಿ ಸಿಕ್ಕಿಬೀಳುವುದು.

## ಉದಾಹರಣೆಗೆ ಹಿಡಿದ ಜಾಗ

ಒಂಬತ್ತು ಮಹಡಿಯ ನಾಲ್ಕು ಬ್ಲಾಕ್ ಅಂದುಕೊಳ್ಳಿ. ಎ, ಬಿ, ಸಿ, ಡಿ, ಸಾಲಾಗಿ ನಿಂತಿವೆ. ಪ್ರತಿ ತಾರಸಿಯ ಮೇಲೆ 20,000 ಲೀಟರಿನ ಟ್ಯಾಂಕ್, ಎಲ್ಲವೂ ಒಂದೇ ಎತ್ತರದಲ್ಲಿ, ಪಂಪಿನಿಂದ ಸುಮಾರು 33 ಮೀಟರ್ ಮೇಲೆ. ಕೆಳಗೆ ಒಂದೇ ಸಂಪು. ಕಾವೇರಿ ನೀರು, ಬೋರ್‌ವೆಲ್ ನೀರು, ಟ್ಯಾಂಕರ್ ನೀರು ಎಲ್ಲ ಅಲ್ಲಿಗೇ ಬೀಳುತ್ತದೆ. ಸಂಪಿಗೆ ಒಂದು ಪಂಪ್, ಅದರ ವೇಗ ಬದಲಿಸಲು ಒಂದು ವಿಎಫ್‌ಡಿ, ಪಂಪ್ ಆದ ಕೂಡಲೇ ನೀರು ಹಿಂದಕ್ಕೆ ಬಾರದಂತೆ ಒಂದು ನಾನ್ ರಿಟರ್ನ್ ವಾಲ್ವ್, ಅಲ್ಲಿಂದ ಒಂದು ಹೆಡರ್ ಪೈಪು, ಹೆಡರಿನಿಂದ ನಾಲ್ಕು ಕವಲು. ಪ್ರತಿ ಕವಲಿನ ತುದಿಗೆ, ತಾರಸಿಯ ಮೇಲೆ, ಬೇಕಾದಷ್ಟು ಮಾತ್ರ ತೆರೆಯಬಲ್ಲ ಮೋಟಾರ್ ವಾಲ್ವ್.

ಪ್ರತಿ ಬ್ಲಾಕಿಗೆ ಒಂದು ಕಂಟ್ರೋಲರ್, ಪಂಪ್ ರೂಮಿಗೆ ಒಂದು. ಒಟ್ಟು ಐದು. ಕಟ್ಟಡಗಳು ಅಡ್ಡ ಇರುವುದರಿಂದ ಪ್ರತಿ ಬ್ಲಾಕಿಗೆ ಪಕ್ಕದ ಬ್ಲಾಕಿನ ರೇಡಿಯೋ ಮಾತ್ರ ಕೇಳಿಸುತ್ತದೆ. ಬಿ ಗೆ ಎ ಮತ್ತು ಸಿ ಕೇಳಿಸುತ್ತವೆ, ಡಿ ಕೇಳಿಸುವುದಿಲ್ಲ. ಯಾರಿಗೂ ಇಡೀ ಚಿತ್ರ ಕಾಣುವುದಿಲ್ಲ, ಆದರೂ ಎಲ್ಲರ ಕೆಲಸ ಒಂದೇ ಪೈಪಿನಲ್ಲಿ ಕೂಡುತ್ತದೆ. ಡಿಸ್ಟ್ರಿಬ್ಯೂಟೆಡ್ ಕಂಟ್ರೋಲಿನ ಕಷ್ಟವೆಲ್ಲ ಇದರೊಳಗೇ ಇದೆ. ಟ್ರಾಫಿಕ್ ಸಿಗ್ನಲ್ಲೇ ಆಗಲಿ, ಸಾಲಾಗಿ ಹಾರುವ ಡ್ರೋನ್ ಆಗಲಿ, ಲೆಕ್ಕ ಬೇರೆಯಾದರೂ ಹಂತಗಳ ಕ್ರಮ ಇದೇ.

## ಬೇಕಾಗುವ ಸಾಮಾನು

ಬ್ಲಾಕಿಗೊಂದು ಇಎಸ್‌ಪಿ32 ಬೋರ್ಡ್ (ಕಂಟ್ರೋಲರ್ ಆಗುವ ಚಿಕ್ಕ ಕಂಪ್ಯೂಟರ್), ಮಟ್ಟ ಅಳೆದು 4–20 ಮಿಲಿಆಂಪ್ ಕರೆಂಟಾಗಿ ತಿಳಿಸುವ ಸೆನ್ಸರ್, ಮೇಲೊಂದು ಫ್ಲೋಟ್ ಸ್ವಿಚ್, ಹೆಡರಿಗೆ ಪ್ರೆಶರ್ ಸೆನ್ಸರ್, ಕೊಂಡು ತರಲು ಆಗದಿದ್ದರೆ ಎರಡು ದಿನದ ಮಟ್ಟಿಗೆ ಎರವಲು ತಂದ ಒಂದು ಫ್ಲೋ ಮೀಟರ್. ಇದೆಲ್ಲ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಸಿಗುವ ಸಾಮಾನು. ಅಲ್ಟ್ರಾಸಾನಿಕ್ ಸೆನ್ಸರ್ ಅಗ್ಗ, ನಿಜ. ಆದರೆ ಟ್ಯಾಂಕಿನೊಳಗೆ ಆವಿ ಹನಿಗಟ್ಟಿದರೆ ಅದು ಸುಳ್ಳು ಹೇಳುತ್ತದೆ, ಹೇಳುತ್ತಿರುವುದು ಸುಳ್ಳು ಅಂತ ನಿಮಗೆ ಗೊತ್ತೂ ಆಗುವುದಿಲ್ಲ. 4–20 ಸೆನ್ಸರಿನಲ್ಲಿ ತಂತಿ ಕಿತ್ತುಹೋದರೆ ಕರೆಂಟ್ ಸೊನ್ನೆಗೆ ಬೀಳುತ್ತದೆ. ಸೊನ್ನೆ ಅಂದರೆ ತಂತಿ ಹೋಗಿದೆ, 4 ಅಂದರೆ ಟ್ಯಾಂಕ್ ಖಾಲಿ. ಈ ವ್ಯತ್ಯಾಸಕ್ಕೆ ಜಾಸ್ತಿ ದುಡ್ಡು ಕೊಡಬಹುದು.

ರೇಡಿಯೋಗೆ 865–867 ಮೆಗಾಹರ್ಟ್ಸ್ ಲೋರಾ (ಕಡಿಮೆ ಕರೆಂಟಿನಲ್ಲಿ ದೂರ ಮುಟ್ಟುವ ರೇಡಿಯೋ) ಸಾಕು. ಆರ್‌ಎಸ್485 ತಂತಿ (ಬೋರ್ಡುಗಳು ಮಾತಾಡಿಕೊಳ್ಳುವ ಜೋಡಿ ತಂತಿ) ಎಳೆಯಲು ಆಗುವ ಕಡೆ ಅದೇ ಇನ್ನೂ ಒಳ್ಳೆಯದು. ಎಳೆಯುವಾಗ ಒಂದರಿಂದ ಇನ್ನೊಂದಕ್ಕೆ ಸರಪಳಿಯಂತೆ ಹೋಗಿ, ನಕ್ಷತ್ರದಂತೆ ಕವಲು ಹೊಡೆಯಬೇಡಿ. 120 ಓಮ್ ರೆಸಿಸ್ಟರ್ ಎರಡು ತುದಿಗೆ ಮಾತ್ರ ಹಾಕಿ, ಪ್ರತಿ ಬೋರ್ಡಿಗೂ ಹಾಕಬೇಡಿ. ತಾರಸಿಗೆ ಹೋಗುವ ಯಾವ ತಂತಿಗೂ ಸರ್ಜ್ ಪ್ರೊಟೆಕ್ಟರ್ ಇರಲೇಬೇಕು, ಏಪ್ರಿಲ್ ಮೇ ತಿಂಗಳ ಗುಡುಗು ಮಳೆ ನೆನಪಿರಲಿ. ವಿಎಫ್‌ಡಿ ಮತ್ತು ಮೂರು ಫೇಸ್ ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೇ ಬಿಡಿ.

## ಹಂತ 1: ಯಾರಿಗೆ ಏನು ಗೊತ್ತು ಅಂತ ಕಾಗದದ ಮೇಲೆ ಬರೆಯಿರಿ

ಒಂದು ಹಾಳೆ ತೆಗೆದುಕೊಳ್ಳಿ. ಎಡಗಡೆ ಐದು ಕಂಟ್ರೋಲರುಗಳ ಹೆಸರು, ಮೇಲೆ ಎಲ್ಲ ಅಳತೆಗಳು: ನಾಲ್ಕು ಟ್ಯಾಂಕಿನ ಮಟ್ಟ, ಸಂಪಿನ ಮಟ್ಟ, ಹೆಡರ್ ಪ್ರೆಶರ್, ನಾಲ್ಕು ವಾಲ್ವ್ ಎಷ್ಟು ತೆರೆದಿದೆ. ಪ್ರತಿ ಮನೆಯಲ್ಲಿ ಆ ಅಳತೆ ಆ ಕಂಟ್ರೋಲರಿಗೆ ಎಷ್ಟು ಸೆಕೆಂಡ್ ಹಳೆಯದಾಗಿ ತಲುಪುತ್ತದೆ ಅಂತ ಬರೆಯಿರಿ. ತಲುಪುವುದೇ ಇಲ್ಲದಿದ್ದರೆ ಅಡ್ಡಗೆರೆ.

ಸುದ್ದಿ ಹತ್ತು ಸೆಕೆಂಡಿಗೊಮ್ಮೆ ಹೋಗುತ್ತದೆ ಅಂದುಕೊಳ್ಳಿ. ಎ ಬ್ಲಾಕಿಗೆ ತನ್ನ ಮಟ್ಟ ಈಗಿಂದೀಗಲೇ ಗೊತ್ತು, ಬಿ ದು ಹತ್ತು ಸೆಕೆಂಡ್ ಹಳೆಯದು, ಡಿ ದು ಯಾರಾದರೂ ದಾಟಿಸಿದರೆ ಮೂವತ್ತು ಸೆಕೆಂಡ್ ಹಳೆಯದು. ಹೆಡರ್ ಪ್ರೆಶರ್ ಪಂಪ್ ರೂಮಿಗೆ ಮಾತ್ರ ಗೊತ್ತು.

ಈ ಹಾಳೆಯನ್ನು ಗೋಡೆಗೆ ಅಂಟಿಸಿ. ಮುಂದೆ ಕೋಡಿನ ಪ್ರತಿ ಸಾಲು ಬರೆಯುವಾಗ ಇದನ್ನೇ ಕೇಳಬೇಕು: ಈ ಸಾಲು ಬಳಸುತ್ತಿರುವ ಅಂಕಿ ಈ ಬೋರ್ಡಿನ ಹತ್ತಿರ ನಿಜವಾಗಿಯೂ ಇದೆಯಾ? ಸಿಮ್ಯುಲೇಶನ್‌ನಲ್ಲಿ ಎಲ್ಲ ಅಂಕಿಗಳೂ ಒಂದೇ ಪ್ರೋಗ್ರಾಮಿನಲ್ಲಿ ಇರುತ್ತವೆ. ಗೊತ್ತಿಲ್ಲದೆ ಪಕ್ಕದವನ ಅಂಕಿಯನ್ನು ಆ ಕ್ಷಣದ್ದೇ ಅಂತ ಓದಿಬಿಡುತ್ತೀರಿ. ಲ್ಯಾಪ್‌ಟಾಪಿನಲ್ಲಿ ಓಡಿದ್ದು ತಾರಸಿಯ ಮೇಲೆ ಓಡದಿರಲು ನಾನು ನೋಡಿದ ಮಟ್ಟಿಗೆ ದೊಡ್ಡ ಕಾರಣ ಇದು.

## ಹಂತ 2: ಒಬ್ಬರು ಅಲುಗಾಡಿದರೆ ಇನ್ನೊಬ್ಬರಿಗೆ ಎಷ್ಟು ತಟ್ಟುತ್ತದೆ ಅಂತ ಅಳೆಯಿರಿ

ಪಂಪನ್ನು ಒಂದೇ ವೇಗದಲ್ಲಿ ಓಡಿಸಿ. ನಾಲ್ಕೂ ವಾಲ್ವನ್ನು ಶೇ. 25 ತೆರೆದು, ನಾಲ್ಕೂ ಕವಲಿನ ಹರಿವು ಅಳೆಯಿರಿ. ಈಗ ಎ ವಾಲ್ವ್ ಮಾತ್ರ ಶೇ. 35 ಮಾಡಿ, ಮತ್ತೆ ನಾಲ್ಕನ್ನೂ ಅಳೆಯಿರಿ. ಎ ಯಲ್ಲಿ ಎಷ್ಟು ಏರಿತು, ಉಳಿದವುಗಳಲ್ಲಿ ಎಷ್ಟು ಇಳಿಯಿತು? ಪ್ರತಿ ವಾಲ್ವಿಗೂ ಹೀಗೇ ಮಾಡಿದರೆ ನಾಲ್ಕು ಸಾಲು ನಾಲ್ಕು ಕಾಲಮ್ಮಿನ ಪಟ್ಟಿ ಸಿಗುತ್ತದೆ. ಅರ್ಧ ದಿನದ ಕೆಲಸ. ಬೇಸರ ಬರುತ್ತದೆ, ಆದರೂ ಮಾಡಿ.

ಓದುವುದು ಹೀಗೆ. ಎರಡು ಲೂಪ್ (ಸೆನ್ಸರ್ ನೋಡಿ ವಾಲ್ವ್ ಆಡಿಸುವ ಒಂದೊಂದು ಸುತ್ತು) ಮಾತ್ರ ತೆಗೆದುಕೊಳ್ಳೋಣ. ತನ್ನ ಮೇಲೆ ಆಗುವ ಪರಿಣಾಮ 1 ಇದ್ದಾಗ ಪಕ್ಕದವನ ಮೇಲೆ ಆಗುವುದು 0.3 ಅಂತಿರಲಿ, ಎರಡೂ ಕಡೆಯಿಂದ. 0.3 ಅನ್ನು 0.3 ರಿಂದ ಗುಣಿಸಿ, 1 ರಿಂದ ಕಳೆಯಿರಿ, ಬಂದದ್ದರಿಂದ 1 ನ್ನು ಭಾಗಿಸಿ: ಸುಮಾರು 1.1. ಇದು ರಿಲೇಟಿವ್ ಗೇನ್. 1ಕ್ಕೆ ಇಷ್ಟು ಹತ್ತಿರ ಇದ್ದರೆ ಒಬ್ಬೊಬ್ಬರೂ ತಮ್ಮ ಪಾಡಿಗೆ ಕೆಲಸ ಮಾಡಬಹುದು. 0.3 ಇರುವ ಕಡೆ 0.9 ಇದ್ದಿದ್ದರೆ ಉತ್ತರ 5.3 ರ ಸುತ್ತ ಬರುತ್ತಿತ್ತು. ಅಷ್ಟಾದರೆ ಒಬ್ಬರ ಲೂಪ್ ಆಟೋದಲ್ಲಿ ಓಡತೊಡಗಿದ ಕೂಡಲೇ ಇನ್ನೊಬ್ಬರ ಟ್ಯೂನಿಂಗ್ ಕೆಟ್ಟುಹೋಗುತ್ತದೆ. ಉತ್ತರ ನೆಗೆಟಿವ್ ಬಂದರೆ ಆ ಜೋಡಣೆಯೇ ತಪ್ಪು. ಯಾವ ಸೆನ್ಸರು ಯಾವ ವಾಲ್ವನ್ನು ಆಡಿಸಬೇಕು ಅಂತ ಮತ್ತೆ ಯೋಚಿಸಿ.

ಪಟ್ಟಿ ಮುಗಿದ ಮೇಲೆ ಪಂಪನ್ನು ಪ್ರೆಶರ್ ಕಾಯುವ ಆಟೋ ಮೋಡಿಗೆ ಹಾಕಿ ಇನ್ನೊಮ್ಮೆ ಅಳೆಯಿರಿ. ತಟ್ಟುವಿಕೆ ಬಹಳ ಕಡಿಮೆಯಾಗಿರುತ್ತದೆ, ಯಾಕೆಂದರೆ ಒಬ್ಬರು ಹೆಚ್ಚು ಕೇಳಿದಾಗ ಪಂಪ್ ತಾನೇ ವೇಗ ಏರಿಸಿ ಉಳಿದವರ ಪಾಲನ್ನು ಉಳಿಸುತ್ತದೆ. ನಮ್ಮ ವಿನ್ಯಾಸ ನಿಂತಿರುವುದು ಇದರ ಮೇಲೆ.

## ಹಂತ 3: ಸುದ್ದಿ ಬೇಗ ಹೋಗುತ್ತದಾ, ಪರಿಣಾಮ ಬೇಗ ಹೋಗುತ್ತದಾ?

ಇದನ್ನು ಯಾರೂ ಹೇಳಿಕೊಡುವುದಿಲ್ಲ, ಆದ್ದರಿಂದ ನಿಧಾನವಾಗಿ ಓದಿ.

ಎ ವಾಲ್ವ್ ತಟ್ಟನೆ ಮುಚ್ಚಿದರೆ ಪೈಪಿನಲ್ಲಿ ಒತ್ತಡದ ಅಲೆ ಏಳುತ್ತದೆ. ಜಿಐ ಪೈಪಿನಲ್ಲಿ ಅದು ಸೆಕೆಂಡಿಗೆ ಸಾವಿರ ಮೀಟರಿಗೂ ಹೆಚ್ಚು ಓಡುತ್ತದೆ, ಪಿವಿಸಿಯಲ್ಲಿ ಕೆಲವು ನೂರು ಮೀಟರ್. ಇನ್ನೂರು ಮೀಟರ್ ದೂರದ ಡಿ ಬ್ಲಾಕಿಗೆ ಒಂದು ಸೆಕೆಂಡಿಗೂ ಮುಂಚೆ ತಟ್ಟುತ್ತದೆ. ನಿಮ್ಮ ರೇಡಿಯೋ ಸುದ್ದಿ ಅಲ್ಲಿಗೆ ಮುಟ್ಟಲು ಮೂವತ್ತು ಸೆಕೆಂಡ್. ಅಂದರೆ ಒತ್ತಡದ ವಿಷಯದಲ್ಲಿ ಸುದ್ದಿ ಯಾವಾಗಲೂ ತಡವೇ. ಎಷ್ಟು ಒಳ್ಳೆಯ ಅಲ್ಗಾರಿದಮ್ ತಂದರೂ ಪ್ರೆಶರ್ ಏರಿಳಿತವನ್ನು ರೇಡಿಯೋದಲ್ಲಿ ಮಾತಾಡಿಕೊಂಡು ಸರಿಮಾಡಲು ಆಗುವುದಿಲ್ಲ.

ಟ್ಯಾಂಕಿನ ಮಟ್ಟ ಬೇರೆ ಥರ. ಕವಲಿನಲ್ಲಿ ನಿಮಿಷಕ್ಕೆ 150 ಲೀಟರ್ ಹರಿದರೆ, ಮಟ್ಟ ಶೇ. 1 ಏರಲು, ಅಂದರೆ 200 ಲೀಟರಿಗೆ, 80 ಸೆಕೆಂಡ್ ಬೇಕು. ಮೂವತ್ತು ಸೆಕೆಂಡ್ ಹಳೆಯ ಸುದ್ದಿಯಲ್ಲಿ ತಪ್ಪು ಶೇ. 0.4 ಕ್ಕಿಂತ ಕಡಿಮೆ. ಇಲ್ಲಿ ರೇಡಿಯೋ ಧಾರಾಳವಾಗಿ ಸಾಕು.

ಹಾಗಾಗಿ ಕೆಲಸವನ್ನು ಎರಡು ಪಾಲು ಮಾಡಿ. ಸುದ್ದಿಗಿಂತ ಬೇಗ ಹರಡುವುದನ್ನೆಲ್ಲ ಆಯಾ ಜಾಗದಲ್ಲೇ, ಯಾರನ್ನೂ ಕೇಳದೆ ಸಂಭಾಳಿಸಬೇಕು. ಸುದ್ದಿಗಿಂತ ನಿಧಾನ ಹರಡುವುದನ್ನು ಮಾತ್ರ ಮಾತುಕತೆಗೆ ಬಿಡಬೇಕು. ಥಿಯರಿಯೂ ಇದಕ್ಕೆ ಹತ್ತಿರದ ಮಾತನ್ನೇ ಹೇಳುತ್ತದೆ. ಕಂಟ್ರೋಲರುಗಳ ನಡುವೆ ಸುದ್ದಿ ಪ್ಲಾಂಟಿನೊಳಗಿನ (ನಾವು ನಡೆಸುವ ಪಂಪು, ಪೈಪು, ಟ್ಯಾಂಕಿನೊಳಗಿನ) ಪರಿಣಾಮಕ್ಕಿಂತ ಬೇಗ ಹೋಗುವ ಕಡೆ, ಎಲ್ಲರಿಗೂ ಒಳ್ಳೆಯ ಲೀನಿಯರ್ ಕಂಟ್ರೋಲರ್ (ಅಳತೆಗಳನ್ನು ಗುಣಿಸಿ ಕೂಡುವುದಷ್ಟೇ ಮಾಡುವಂಥದ್ದು) ಹುಡುಕುವ ಲೆಕ್ಕ ಕಾನ್ವೆಕ್ಸ್, ಅಂದರೆ ಒಂದೇ ತಳವಿರುವ ಬಟ್ಟಲಿನಂತೆ, ಆಗುತ್ತದೆ, ಕಂಪ್ಯೂಟರ್ ಬಿಡಿಸಬಲ್ಲದು. ಸುದ್ದಿ ಹಿಂದೆ ಬಿದ್ದರೆ ಆ ಭರವಸೆ ಹೋಗುತ್ತದೆ.

## ಹಂತ 4: ಒಂಟಿಯಾಗಿ ಬದುಕುವ ಕಂಟ್ರೋಲರ್ ಮೊದಲು

ರೇಡಿಯೋ ಇನ್ನೂ ಜೋಡಿಸಬೇಡಿ. ಪ್ರತಿ ಬ್ಲಾಕ್ ತನ್ನ ಸೆನ್ಸರ್ ಮಾತ್ರ ನಂಬಿ ಓಡಬೇಕು. ನಿಯಮ ಸರಳ. ಟ್ಯಾಂಕ್ ಶೇ. 80 ಕ್ಕಿಂತ ಕೆಳಗಿದ್ದರೆ ವಾಲ್ವ್ ಶೇ. 25 ತೆರೆ, ಶೇ. 95 ಮುಟ್ಟಿದರೆ ಮುಚ್ಚು, ನಡುವೆ ಇದ್ದರೆ ಹೇಗಿತ್ತೋ ಹಾಗೇ ಇರು. ಈ 15ರ ಅಂತರ ಬಿಡದೆ 94ಕ್ಕೆ ತೆರೆದು 95ಕ್ಕೆ ಮುಚ್ಚಿದರೆ ನೀರಿನ ಅಲುಗಾಟಕ್ಕೇ ವಾಲ್ವ್ ಆಡುತ್ತದೆ, ಗೇರ್ ಸವೆಯುತ್ತದೆ.

ವಾಲ್ವ್ ಪೂರ್ತಿ ಮುಚ್ಚಲು ಕನಿಷ್ಠ 20 ಸೆಕೆಂಡ್ ತೆಗೆದುಕೊಳ್ಳಲಿ. ಜಿಐ ಪೈಪಿನಲ್ಲಿ ಸೆಕೆಂಡಿಗೆ ಒಂದು ಮೀಟರ್ ಹರಿಯುವ ನೀರನ್ನು ಒಮ್ಮೆಲೇ ನಿಲ್ಲಿಸಿದರೆ ಸುಮಾರು 12 ಬಾರ್ ಒತ್ತಡ ಮೇಲೇಳುತ್ತದೆ. ಪೈಪಿನ ಜಾಯಿಂಟುಗಳು ಬಿಟ್ಟುಕೊಳ್ಳುವುದು ಇಂಥದಕ್ಕೇ. ಮೂರನೇ ಹಂತದಲ್ಲಿ ಹೇಳಿದ ವೇಗದ ಪರಿಣಾಮವನ್ನು ಹೀಗೆ ಜಾಗದಲ್ಲೇ ಕೊಂದುಹಾಕುತ್ತೇವೆ.

ಇನ್ನು ಕಾವಲು. ತಾರಸಿಯ ಫ್ಲೋಟ್ ಸ್ವಿಚ್ಚನ್ನು ವಾಲ್ವ್ ತೆರೆಯುವ ತಂತಿಯಲ್ಲೇ ಸರಣಿಯಾಗಿ ಹಾಕಿ. ಸಂಪಿನ ಫ್ಲೋಟ್ ಸ್ವಿಚ್ಚನ್ನು ವಿಎಫ್‌ಡಿಯ ರನ್ ಸಿಗ್ನಲ್ ತಂತಿಯಲ್ಲಿ ಹಾಕಿ. ಕೋಡ್ ಏನೇ ಹೇಳಲಿ, ಸಂಪು ಖಾಲಿಯಾದರೆ ಪಂಪ್ ನಿಲ್ಲಬೇಕು, ಟ್ಯಾಂಕ್ ತುಂಬಿದರೆ ವಾಲ್ವ್ ತೆರೆಯಬಾರದು. ಈ ಎರಡು ತಂತಿ ಹಾಕದೆ ಮುಂದೆ ಹೋಗಬೇಡಿ. ನಾನು ಒಂದು ಕಡೆ ಸಂಪಿನ ಕಾವಲನ್ನು ಕೋಡಿನಲ್ಲೇ ಬರೆದು ಬಿಟ್ಟಿದ್ದೆ. ರಾತ್ರಿ ಬೋರ್ಡ್ ಹ್ಯಾಂಗ್ ಆಯಿತು, ಪಂಪ್ ಬೆಳಗಿನವರೆಗೆ ಒಣಗಿ ಓಡಿ ಸೀಲ್ ಸುಟ್ಟಿತು. ಆ ಕಟ್ಟಡದ ಜನ ಎರಡು ದಿನ ಬಕೆಟ್ ಹೊತ್ತರು. ಅದು ನನ್ನ ತಪ್ಪು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಸೆನ್ಸರ್ ಹೆಪ್ಪುಗಟ್ಟಿದ್ದನ್ನು ಹಿಡಿಯಲು ಒಂದು ನಿಯಮ ಸೇರಿಸಿ. ವಾಲ್ವ್ ತೆರೆದು ಹತ್ತು ನಿಮಿಷವಾದರೂ ಮಟ್ಟದ ಅಂಕಿ ಚೂರೂ ಕದಲದಿದ್ದರೆ ಆ ಅಂಕಿಯನ್ನು ನಂಬಬೇಡ, ವಾಲ್ವ್ ಮುಚ್ಚು, ಬಜರ್ ಹೊಡಿ.

ಈ ಸ್ಥಿತಿಯಲ್ಲಿ ಒಂದು ವಾರ ಓಡಿಸಿ. ನೀರು ಸರಿಯಾಗಿ ಹಂಚಿಹೋಗದಿರಬಹುದು, ಪರವಾಗಿಲ್ಲ. ಹರಿದು ಹೋಗಬಾರದು, ಒಣಗಿ ಓಡಬಾರದು, ಅಷ್ಟೇ.

## ಹಂತ 5: ಹೆಡರಿಗೆ ಒಬ್ಬನೇ ಯಜಮಾನ

ಹೆಡರ್ ಪ್ರೆಶರ್ ಐದೂ ಜನರಿಗೆ ಸೇರಿದ್ದು. ಅದನ್ನು ಕಾಯುವ ಪಿಐ ಲೂಪ್ ಒಂದೇ ಇರಬೇಕು, ಪಂಪ್ ರೂಮಿನಲ್ಲಿ. ಪಿಐ ಅಂದರೆ ಈಗಿನ ವ್ಯತ್ಯಾಸವನ್ನೂ ಇದುವರೆಗೆ ಕೂಡಿಬಂದ ವ್ಯತ್ಯಾಸವನ್ನೂ ನೋಡಿ ತಿದ್ದುವುದು, ಕೂಡಿಬಂದ ಭಾಗವೇ ಇಂಟಿಗ್ರಲ್. ಬ್ಲಾಕ್ ಕಂಟ್ರೋಲರಿಗೂ ತನ್ನ ಕವಲಿನ ಪ್ರೆಶರ್ ಕಾಯಲು ಇಂಟಿಗ್ರಲ್ ಹಾಕುವವರಿದ್ದಾರೆ. ಎರಡು ಸೆನ್ಸರ್ ನಡುವೆ 0.05 ಬಾರ್ ವ್ಯತ್ಯಾಸ ಇದ್ದೇ ಇರುತ್ತದೆ. ಒಬ್ಬ "ಇನ್ನೂ ಬೇಕು" ಅನ್ನುತ್ತಾನೆ, ಇನ್ನೊಬ್ಬ "ಜಾಸ್ತಿ ಆಯ್ತು" ಅನ್ನುತ್ತಾನೆ, ಎರಡೂ ಇಂಟಿಗ್ರಲ್ ದಿನವಿಡೀ ತೆವಳಿ ಕೊನೆಗೆ ಒಂದು ಪೂರ್ತಿ ತೆರೆದು, ಒಂದು ಪೂರ್ತಿ ಮುಚ್ಚಿ ನಿಲ್ಲುತ್ತವೆ. ಹಂಚಿಕೊಂಡ ಒಂದು ಅಳತೆಗೆ ಒಂದೇ ಇಂಟಿಗ್ರಲ್. ಹಲವರು ಸೇರಿ ಹಿಡಿಯಲೇಬೇಕಾದರೆ ಡ್ರೂಪ್ ಬಳಸಿ: ಹೊರೆ ಹೆಚ್ಚಿದಷ್ಟೂ ಪ್ರತಿಯೊಬ್ಬನೂ ತನ್ನ ಗುರಿಯನ್ನು ಸ್ವಲ್ಪ ಇಳಿಸಿಕೊಳ್ಳಬೇಕು. ವಿದ್ಯುತ್ ಗ್ರಿಡ್‌ನಲ್ಲಿ ನೂರಾರು ಜನರೇಟರುಗಳು 50 ಹರ್ಟ್ಸ್ ಕಾಯುವುದು ಈ ಉಪಾಯದ ಮೇಲೇ.

ಅಂಕಿಗಳಿಗೆ ಬರೋಣ. 33 ಮೀಟರ್ ಎತ್ತರಕ್ಕೆ 3.3 ಬಾರ್ ಬೇಕು, ಪೈಪಿನ ನಷ್ಟ ಸೇರಿ ಗುರಿ 4 ಬಾರ್ ಇಡೋಣ. ವಾಲ್ವೆಲ್ಲ ಮುಚ್ಚಿ 50 ಹರ್ಟ್ಸ್‌ನಲ್ಲಿ ನಿಮ್ಮ ಪಂಪ್ 6 ಬಾರ್ ಕೊಡುತ್ತದೆ ಅಂತಿರಲಿ. ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಬದಲಾಗುವುದರಿಂದ 37 ಹರ್ಟ್ಸ್‌ಗಿಂತ ಕೆಳಗೆ ಆ ಪಂಪ್ ಒಂದು ಹನಿಯನ್ನೂ ತಾರಸಿಗೆ ಏರಿಸುವುದಿಲ್ಲ, ಸುಮ್ನೆ ನೀರು ಕಡೆದು ಬಿಸಿಯಾಗುತ್ತದೆ. ಕನಿಷ್ಠ ವೇಗವನ್ನು ಅಲ್ಲಿಗೆ ಕಟ್ಟಿ. ಅದೇ ಲೆಕ್ಕದಲ್ಲಿ, 41 ಹರ್ಟ್ಸ್‌ನಲ್ಲೇ 4 ಬಾರ್ ನಿಂತಿದೆ ಅಂದರೆ ಹರಿವು ಇಲ್ಲ, ಎಲ್ಲ ವಾಲ್ವ್ ಮುಚ್ಚಿವೆ. 60 ಸೆಕೆಂಡ್ ಹಾಗೇ ಇದ್ದರೆ ಪಂಪ್ ಮಲಗಲಿ.

ಏಳುವುದು ಯಾವಾಗ? ನಾನ್ ರಿಟರ್ನ್ ವಾಲ್ವ್ ಇರುವುದರಿಂದ ಪಂಪ್ ನಿಂತರೂ ಹೆಡರಿನಲ್ಲಿ 4 ಬಾರ್ ಹಿಡಿದಿರುತ್ತದೆ. ಯಾವುದೇ ಬ್ಲಾಕ್ ವಾಲ್ವ್ ತೆರೆದ ಕೂಡಲೇ ಅದು 3.3ರ ಕಡೆಗೆ ಇಳಿಯುತ್ತದೆ. 3.6ಕ್ಕೆ ಇಳಿದರೆ ಪಂಪ್ ಏಳಲಿ. ಗಮನಿಸಿ, ಇಲ್ಲಿ ರೇಡಿಯೋ ಬೇಕಾಗಲೇ ಇಲ್ಲ. "ನೀರು ಬೇಕು" ಅನ್ನುವ ಸುದ್ದಿಯನ್ನು ನೀರೇ ತಂದುಕೊಟ್ಟಿತು, ಅದೂ ಒಂದು ಸೆಕೆಂಡಿನೊಳಗೆ. ಪ್ಲಾಂಟನ್ನೇ ತಂತಿಯಂತೆ ಬಳಸುವ ಈ ದಾರಿ ಸಿಕ್ಕ ಕಡೆ ಬಿಡಬೇಡಿ.

## ಹಂತ 6: ಈಗ ಮಾತುಕತೆ

ಈಗ ನೀರಿನ ಪಾಲು ನ್ಯಾಯವಾಗಿ ಹಂಚುವ ಕೆಲಸ. ಪ್ರತಿ ಬ್ಲಾಕ್ ತನ್ನ ಕೊರತೆ ಎಷ್ಟು, ಅಂದರೆ ಟ್ಯಾಂಕ್ ತುಂಬಲು ಶೇಕಡಾ ಎಷ್ಟು ಬಾಕಿ, ಅಂತ ಹೇಳಲಿ. ಎಲ್ಲರ ಕೊರತೆಯ ಸರಾಸರಿ ಗೊತ್ತಾದರೆ ಪ್ರತಿಯೊಬ್ಬರ ನಿಯಮ ಇಷ್ಟೇ: ವಾಲ್ವ್ ತೆರೆಯಬೇಕಾದದ್ದು 25, ಜೊತೆಗೆ ತನ್ನ ಕೊರತೆ ಸರಾಸರಿಗಿಂತ ಎಷ್ಟು ಹೆಚ್ಚೋ ಅದರ ಅರ್ಧ.

ಕೊರತೆ 60, 20, 30, 10 ಇದ್ದರೆ ಸರಾಸರಿ 30. ವಾಲ್ವುಗಳು 40, 20, 25, 15 ಆಗುತ್ತವೆ. ಕೂಡಿ ನೋಡಿ, 100. ಸರಾಸರಿಯಿಂದ ಇರುವ ವ್ಯತ್ಯಾಸಗಳು ಕೂಡಿದರೆ ಯಾವಾಗಲೂ ಸೊನ್ನೆ, ಆದ್ದರಿಂದ ಒಟ್ಟು ತೆರವು ಬದಲಾಗುವುದಿಲ್ಲ, ಹೆಡರ್ ಅಲುಗುವುದಿಲ್ಲ. ನನಗೆ ಈ ವಿನ್ಯಾಸ ಇಷ್ಟವಾಗಿದ್ದೇ ಇದಕ್ಕೆ. ಟ್ಯಾಂಕ್ ತುಂಬಿದವರು ಮುಚ್ಚಿಕೊಂಡಾಗ ಮಾತ್ರ ಮೊತ್ತ ಇಳಿಯುತ್ತದೆ, ಅದನ್ನು ಪಂಪ್ ನೋಡಿಕೊಳ್ಳುತ್ತದೆ. ವಾಲ್ವಿನ ಗುರಿಯನ್ನು ಎರಡು ನಿಮಿಷಕ್ಕೊಮ್ಮೆ ಮಾತ್ರ ಬದಲಿಸಿ. ಕೆಳಗಿನ ಲೂಪಿಗಿಂತ ಮೇಲಿನದು ಐದರಿಂದ ಹತ್ತು ಪಟ್ಟು ನಿಧಾನ ಇರಬೇಕು.

ಸರಾಸರಿ ತಿಳಿಯಲು ಎರಡು ದಾರಿ.

ನಾಲ್ಕೇ ಬ್ಲಾಕ್ ಇದ್ದರೆ ಪಟ್ಟಿ ದಾಟಿಸಿ. ಪ್ರತಿ ಬೋರ್ಡಿನಲ್ಲಿ ನಾಲ್ಕು ಸಾಲಿನ ಪಟ್ಟಿ, ಪ್ರತಿ ಸಾಲಿಗೆ ಕೊರತೆ ಮತ್ತು ಸುದ್ದಿಯ ಕ್ರಮಸಂಖ್ಯೆ. ಪಕ್ಕದವರಿಂದ ಬಂದ ಸಾಲಿನ ಸಂಖ್ಯೆ ನಿಮ್ಮದಕ್ಕಿಂತ ದೊಡ್ಡದಿದ್ದರೆ ಬರೆದುಕೊಳ್ಳಿ, ಮುಂದಿನ ಸಲ ನಿಮ್ಮ ಪಟ್ಟಿ ಪೂರ್ತಿ ಕಳಿಸಿ. ಮೂರು ಹಾರಿಕೆಯಲ್ಲಿ ಎಲ್ಲರಿಗೂ ಮುಟ್ಟುತ್ತದೆ. ಸುದ್ದಿಯೊಂದು ಕಳೆದರೂ ಮುಂದಿನದು ಸರಿಪಡಿಸುತ್ತದೆ. ನಾನು ಮೊದಲು ಇದನ್ನೇ ಮಾಡಿ ಅನ್ನುತ್ತೇನೆ.

ನಲವತ್ತು, ನಾನೂರು ಇದ್ದರೆ ಸರಾಸರಿ ಮಾಡುವ ಅಲ್ಗಾರಿದಮ್ ಬೇಕು, ಕನ್ಸೆನ್ಸಸ್ ಅನ್ನುತ್ತಾರೆ. ಪ್ರತಿ ಸುತ್ತಿನಲ್ಲಿ ಪ್ರತಿಯೊಬ್ಬರೂ ಪಕ್ಕದವರ ಅಂಕಿಗೂ ತಮ್ಮದಕ್ಕೂ ಇರುವ ವ್ಯತ್ಯಾಸಗಳನ್ನು ಕೂಡಿ, ಅದರ ಒಂದು ಪಾಲಷ್ಟು ತಮ್ಮ ಅಂಕಿಯನ್ನು ಸರಿಸುತ್ತಾರೆ. ಆ ಪಾಲಿಗೆ ಹೆಜ್ಜೆ ಅನ್ನೋಣ. ಹೆಜ್ಜೆ ದೊಡ್ಡದಾದರೆ ಅಂಕಿಗಳು ಜೋಲಿ ಹೊಡೆದು ಹಾರಿಹೋಗುತ್ತವೆ. 1 ನ್ನು ಅತಿ ಹೆಚ್ಚು ನೆರೆಯವರಿರುವವನ ನೆರೆಯವರ ಸಂಖ್ಯೆಯಿಂದ ಭಾಗಿಸಿ, ಹೆಜ್ಜೆ ಅದಕ್ಕಿಂತ ಚಿಕ್ಕದಿರಲಿ. ನಮ್ಮ ಸಾಲಿನಲ್ಲಿ ಅದು 0.5.

ಹೆಜ್ಜೆ 0.3 ಇಟ್ಟರೆ ಸಾಲಾಗಿರುವ ನಾಲ್ಕು ಬ್ಲಾಕಿನಲ್ಲಿ ಭಿನ್ನಾಭಿಪ್ರಾಯ ಹತ್ತನೇ ಒಂದು ಪಾಲಿಗೆ ಇಳಿಯಲು ಸುಮಾರು 12 ಸುತ್ತು ಬೇಕು. ಡಿ ಯಿಂದ ಎ ಗೆ ಒಂದೇ ಒಂದು ಕೊಂಡಿ ಹಾಕಿ ಉಂಗುರ ಮಾಡಿದರೆ 3 ಸುತ್ತು ಸಾಕು. ಲೆಕ್ಕ ಮಾಡಿ ನೋಡಿದಾಗ ನನಗೇ ಆಶ್ಚರ್ಯವಾಗಿತ್ತು. ಕೋಡನ್ನು ತಿದ್ದುತ್ತ ವಾರ ಕಳೆಯುವ ಮುಂಚೆ ಇನ್ನೊಂದು ಆಂಟೆನಾ ಎಲ್ಲಿ ಹಾಕಬಹುದು ಅಂತ ತಾರಸಿ ಹತ್ತಿ ನೋಡಿ.

ಇಲ್ಲಿ ಎರಡು ಬಲೆ ಇವೆ. ಒಂದು, ತಡ. ನಿಮ್ಮ ಅಂಕಿಯೂ ಪಕ್ಕದವರ ಅಂಕಿಯೂ ಎರಡೂ ಒಂದು ಸುತ್ತು ಹಳೆಯದಾಗಿದ್ದರೆ ಸುರಕ್ಷಿತ ಹೆಜ್ಜೆಯ ಮಿತಿ ಅರ್ಧಕ್ಕೆ ಬೀಳುತ್ತದೆ. ನಮ್ಮ ಸಾಲಿನಲ್ಲಿ ನಿಖರ ಮಿತಿ 0.586, ತಡ ಸೇರಿದರೆ 0.293. ಅಂದರೆ ಮೇಜಿನ ಮೇಲೆ ಚೆನ್ನಾಗಿ ಓಡಿದ 0.3 ತಾರಸಿಯ ಮೇಲೆ ನಿಧಾನವಾಗಿ ಹುಚ್ಚೇಳುತ್ತದೆ. 0.2 ಇಡಿ. ಎರಡು, ಕಳೆದ ಸುದ್ದಿ. ಎ ಹೇಳಿದ್ದು ಬಿ ಗೆ ಮುಟ್ಟಿ, ಬಿ ಹೇಳಿದ್ದು ಎ ಗೆ ಮುಟ್ಟದಿದ್ದರೆ ಒಬ್ಬನೇ ಸರಿದ ಹಾಗಾಗುತ್ತದೆ. ಎಲ್ಲರ ಮೊತ್ತ ಬದಲಾಗುತ್ತದೆ, ಎಲ್ಲರೂ ಒಪ್ಪಿಕೊಳ್ಳುತ್ತಾರೆ, ಒಪ್ಪಿಕೊಂಡ ಅಂಕಿಯೇ ತಪ್ಪಾಗಿರುತ್ತದೆ. ಇದು ಹೊರಗಿನಿಂದ ಕಾಣಿಸುವುದಿಲ್ಲ. ಹತ್ತು ನಿಮಿಷಕ್ಕೊಮ್ಮೆ ಎಲ್ಲರೂ ತಮ್ಮ ನಿಜವಾದ ಕೊರತೆಯಿಂದ ಹೊಸದಾಗಿ ಶುರು ಮಾಡಲಿ. ಪ್ರತಿ ಸುದ್ದಿಯಲ್ಲಿ ಎಷ್ಟನೇ ಶುರು ಅನ್ನುವ ನಂಬರ್ ಇರಲಿ, ಹಳೆಯ ನಂಬರಿನ ಸುದ್ದಿ ಬಂದರೆ ಬಿಸಾಕಿ.

## ನಿಮ್ಮ ಪ್ಲಾಂಟ್ ಇಷ್ಟು ಸುಲಭದ್ದಲ್ಲದಿದ್ದರೆ

ಎರಡನೇ ಹಂತದಲ್ಲಿ ದೊಡ್ಡ ಅಂಕಿಗಳು ಬಂದವರಿಗೆ ಈ ಭಾಗ.

ಬಹಳ ಜನ ಎಲ್ಲ ಅಳತೆ ಒಂದೇ ಕಡೆ ಇದೆ ಅಂತ, ಒಟ್ಟು ಖರ್ಚು ಕನಿಷ್ಠ ಮಾಡುವ ಎಲ್‌ಕ್ಯೂಆರ್ ಲೆಕ್ಕ ಮಾಡಿ, ಬಂದ ಗೇನ್ (ಯಾವ ಅಳತೆಗೆ ವಾಲ್ವ್ ಎಷ್ಟು ಆಡಬೇಕು ಅನ್ನುವ ಅಂಕಿ) ಪಟ್ಟಿಯಲ್ಲಿ ಕೊಂಡಿ ಇಲ್ಲದ ಕಡೆ ಸೊನ್ನೆ ಬರೆದುಬಿಡುತ್ತಾರೆ. ಇದು ಅಪಾಯ. ಪೂರ್ತಿ ಪಟ್ಟಿ ಸ್ಥಿರವಾಗಿದ್ದರೂ ಸೊನ್ನೆ ಹಾಕಿದ ಪಟ್ಟಿ ಅಸ್ಥಿರ ಆಗಬಹುದು. ಸೊನ್ನೆಗಳನ್ನು ಮೊದಲೇ ಷರತ್ತಾಗಿ ಇಟ್ಟು ಹುಡುಕಬೇಕು, ಸಿಕ್ಕ ಮೇಲೆ, ಏರಿಳಿತ ತಣ್ಣಗಾಗುತ್ತದೋ ಬೆಳೆಯುತ್ತದೋ ಹೇಳುವ ಐಗನ್‌ವ್ಯಾಲ್ಯೂ ನೋಡಲೇಬೇಕು.

ಅದಕ್ಕೂ ಮುಂಚೆ, ಇದು ಆಗುವ ಕೆಲಸವೇ ಅಂತ ನೋಡಿ. ಪೈಥಾನಿನಲ್ಲೋ ಆಕ್ಟೇವಿನಲ್ಲೋ ಪ್ರತಿ ಕಂಟ್ರೋಲರಿಗೆ ಅದರ ಸ್ವಂತ ಸೆನ್ಸರಿನಿಂದ ಮಾತ್ರ ಯದ್ವಾತದ್ವಾ ಗೇನ್ ಕೊಟ್ಟು ಐಗನ್‌ವ್ಯಾಲ್ಯೂ ತೆಗೆಯಿರಿ. ಇಪ್ಪತ್ತು ಸಲ ಮಾಡಿ. ಯಾವ ಗೇನಿಗೂ ಕದಲದೆ ಒಂದೇ ಜಾಗದಲ್ಲಿ ಕೂತಿರುವ ಐಗನ್‌ವ್ಯಾಲ್ಯೂ ಇದ್ದರೆ ಅದು ಫಿಕ್ಸ್‌ಡ್ ಮೋಡ್. ಅದು ಅಸ್ಥಿರ ಜಾಗದಲ್ಲಿದ್ದರೆ ಎಷ್ಟು ಟ್ಯೂನ್ ಮಾಡಿದರೂ ಪ್ರಯೋಜನ ಇಲ್ಲ. ಇನ್ನೊಂದು ಸೆನ್ಸರ್ ಇಲ್ಲವೇ ಇನ್ನೊಂದು ಕೊಂಡಿ ಸೇರಿಸಲೇಬೇಕು.

ಇನ್ನು, ಎಲ್ಲಕ್ಕಿಂತ ಉತ್ತಮ ಕಂಟ್ರೋಲರೇ ಬೇಕು ಅಂತ ಹಠ ಹಿಡಿಯಬೇಡಿ. 1968ರಲ್ಲಿ ಕಂಟ್ರೋಲ್ ಥಿಯರಿಯ ಸಂಶೋಧಕ ವಿಟ್ಸೆನ್‌ಹೌಸೆನ್ ಎರಡೇ ಕಂಟ್ರೋಲರ್ ಇರುವ ಪುಟ್ಟ ಲೆಕ್ಕ ಒಂದನ್ನು ತೋರಿಸಿದರು. ಪ್ಲಾಂಟ್ ಲೀನಿಯರ್, ಖರ್ಚು ಕ್ವಾಡ್ರಾಟಿಕ್ (ತಪ್ಪಿನ ವರ್ಗದಂತೆ ಏರುವುದು), ನಾಯ್ಸ್ ಗಾಸಿಯನ್ (ಗಂಟೆಯಾಕಾರದಲ್ಲಿ ಹಂಚಿದ್ದು). ಆದರೂ ಅದಕ್ಕೆ ಲೀನಿಯರ್ ಕಂಟ್ರೋಲರ್ ಅತ್ಯುತ್ತಮ ಅಲ್ಲ. ಎರಡನೆಯವನಿಗೆ ಮೊದಲನೆಯವನು ಕಂಡದ್ದು ಗೊತ್ತಿಲ್ಲ ಅನ್ನುವುದೊಂದೇ ಇದಕ್ಕೆ ಕಾರಣ. ಸ್ಥಿರವಾಗಿದ್ದು, ಕೊಂಡಿ ಕಡಿದರೂ ಬದುಕುವ ಕಂಟ್ರೋಲರ್ ಸಿಕ್ಕರೆ ಅದನ್ನೇ ಇಟ್ಟುಕೊಳ್ಳಿ.

## ಹಂತ 7: ಸುದ್ದಿ ನಿಂತಾಗ

ಹತ್ತು ಸೆಕೆಂಡಿಗೊಂದು ಸುದ್ದಿ. ಸತತ ಮೂರು ತಪ್ಪಿದರೆ ಆ ನೆರೆಯವರು ಇಲ್ಲ ಅಂತ ಲೆಕ್ಕ. ನೆರೆಯವರು ಯಾರೂ ಇಲ್ಲದಿದ್ದರೆ ನಾಲ್ಕನೇ ಹಂತದ ಒಂಟಿ ನಿಯಮಕ್ಕೆ ಇಳಿಯಿರಿ. ವಾಪಸ್ ಬರಲು ಒಂದು ಸುದ್ದಿ ಕೇಳಿಸಿದರೆ ಸಾಲದು, ಸತತ ಹತ್ತು ಬರಲಿ. ಇಲ್ಲದಿದ್ದರೆ ಸಿಗ್ನಲ್ ಅರೆಬರೆ ಇರುವ ಜಾಗದಲ್ಲಿ ನಿಮಿಷಕ್ಕೊಮ್ಮೆ ಮೋಡ್ ಬದಲಾಗುತ್ತ ಕೂರುತ್ತದೆ.

ಸುದ್ದಿಯ ವಯಸ್ಸನ್ನು ಕೇಳಿಸಿಕೊಂಡವರ ಗಡಿಯಾರದಲ್ಲೇ ಎಣಿಸಿ. 20 ಪಿಪಿಎಂ (ಹತ್ತು ಲಕ್ಷದಲ್ಲಿ 20 ಪಾಲು) ತಪ್ಪುವ ಗಡಿಯಾರದ ಕ್ರಿಸ್ಟಲ್ ದಿನಕ್ಕೆ 1.7 ಸೆಕೆಂಡ್ ಹಿಂದೆ ಮುಂದೆ ಆಗುತ್ತದೆ, ತಿಂಗಳಾದ ಮೇಲೆ ಕಳಿಸಿದವರ ಸಮಯ ನಂಬುವಂತಿಲ್ಲ.

ಕರೆಂಟ್ ಹೋಗಿ ಬಂದ ಕ್ಷಣಕ್ಕೆ ಬೇರೆಯೇ ನಿಯಮ ಬೇಕು. ನಾಲ್ಕೂ ಬೋರ್ಡ್ ಒಟ್ಟಿಗೆ ಏಳುತ್ತವೆ, ಒಟ್ಟಿಗೆ ವಾಲ್ವ್ ತೆರೆಯುತ್ತವೆ, ಹೆಡರ್ ಕುಸಿಯುತ್ತದೆ. ಒಂದೇ ಕೋಡ್, ಒಂದೇ ಕ್ಷಣ, ಒಂದೇ ನಿರ್ಧಾರ, ಹಾಗಾಗಿ ಎಲ್ಲರೂ ಒಂದೇ ಬಾಗಿಲಿಗೆ ನುಗ್ಗುತ್ತಾರೆ. ಎ 0, ಬಿ 30, ಸಿ 60, ಡಿ 90 ಸೆಕೆಂಡ್ ಕಾದು ಶುರು ಮಾಡಲಿ.

## ಈ ಲಕ್ಷಣ ಕಂಡರೆ

ರಾತ್ರಿ ಯಾರೂ ನೀರು ಬಳಸದ ಹೊತ್ತಿನಲ್ಲಿ ಪಂಪ್ ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಮಲಗುತ್ತಿದ್ದರೆ ಕೋಡ್ ಮುಟ್ಟಬೇಡಿ. ನಾನ್ ರಿಟರ್ನ್ ವಾಲ್ವ್ ಸೋರುತ್ತಿದೆ, ಅಥವಾ ಯಾವುದೋ ಬ್ಲಾಕಿನ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ.

ಎರಡು ಬ್ಲಾಕಿನ ವಾಲ್ವುಗಳು ತಕ್ಕಡಿಯಂತೆ ಒಂದು ಏರಿ ಒಂದು ಇಳಿಯುತ್ತಿದ್ದು, ಆ ಏರಿಳಿತ ಪ್ರತಿ ಸುತ್ತಿಗೂ ದೊಡ್ಡದಾಗುತ್ತಿದ್ದರೆ ಮೇಲಿನ ಲೂಪ್ ಅವಸರ ಮಾಡುತ್ತಿದೆ. ಎರಡು ನಿಮಿಷವನ್ನು ನಾಲ್ಕು ಮಾಡಿ, ಗೇನ್ (ಆರನೇ ಹಂತದ ನಿಯಮದ ಆ "ಅರ್ಧ") ಅರ್ಧಕ್ಕಿಳಿಸಿ. ಏರಿಳಿತ ಒಂದೇ ಅಳತೆಯಲ್ಲಿ ನಿಂತಿದ್ದರೆ ವಾಲ್ವಿನ ಗೇರಿನಲ್ಲಿ ಸಡಿಲ ಇರಬಹುದು, ಕೈಯಲ್ಲಿ ತಿರುಗಿಸಿ ನೋಡಿ.

ಒಂದು ಬ್ಲಾಕಿಗೆ ದಿನವೂ ಸ್ವಲ್ಪ ಕಡಿಮೆ ಸಿಗುತ್ತಿದೆ, ಆದರೆ ಎಲ್ಲ ಬೋರ್ಡಿನಲ್ಲೂ ಸರಾಸರಿ ಒಂದೇ ತೋರಿಸುತ್ತಿದೆ ಅಂದರೆ ಸುದ್ದಿ ಕಳೆದು ಮೊತ್ತ ಜಾರಿದೆ, ಇಲ್ಲವೇ ಆ ಬ್ಲಾಕಿನ ಸೆನ್ಸರ್ ಸೊನ್ನೆ ತಪ್ಪಿದೆ. ತಾರಸಿಗೆ ಹೋಗಿ ಅಳತೆ ಕೋಲು ಅದ್ದಿ ನೋಡುವುದೇ ದಾರಿ.

## ಹಂತ 8: ಕಡಿದು ನೋಡಿ

ಸಿಮ್ಯುಲೇಶನ್‌ನಲ್ಲಿ ಐದು ಕಂಟ್ರೋಲರುಗಳನ್ನು ಐದು ಬೇರೆ ಪ್ರೋಗ್ರಾಮಾಗಿ ಓಡಿಸಿ, ನಡುವೆ ಸುದ್ದಿ ಮಾತ್ರ ದಾಟಲಿ. ಐದರಲ್ಲಿ ಒಂದು ಸುದ್ದಿ ಕಳೆಯುವಂತೆ ಮಾಡಿ. ವಾಲ್ವಿನ 20 ಸೆಕೆಂಡ್, ಸೆನ್ಸರಿನ ನಾಯ್ಸ್ ಸೇರಿಸಿ. ಇದರಲ್ಲಿ ಒಂದು ವಾರದ ನೀರು ಓಡಿದ ಮೇಲೆಯೇ ನಿಜವಾದ ಪೈಪಿಗೆ ಬನ್ನಿ.

ಆಮೇಲೆ ಸ್ಥಳದಲ್ಲಿ, ಹಗಲು ಹೊತ್ತು, ಪಂಪ್ ರೂಮಿನಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು: ಮೂರು ಕೊಂಡಿಗಳನ್ನು ಒಂದೊಂದಾಗಿ ಕಡಿಯಿರಿ, ನಂತರ ಎರಡೆರಡು. ಪ್ರತಿ ಸಲ ಅರ್ಧ ಗಂಟೆ ಬಿಟ್ಟು ಮಟ್ಟ ಬರೆದುಕೊಳ್ಳಿ. ಒಂದು ಬೋರ್ಡಿನ ಪವರ್ ಕಿತ್ತುಹಾಕಿ, ಅದರ ವಾಲ್ವ್ ಮುಚ್ಚಿಕೊಂಡಿತಾ ನೋಡಿ. ಸೆನ್ಸರ್ ತಂತಿ ಕೀಳಿ. ಸೆನ್ಸರ್ ಅಂಕಿಯನ್ನು 50ಕ್ಕೆ ಹೆಪ್ಪುಗಟ್ಟಿಸಿ. ಮೇನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಆನ್ ಮಾಡಿ, ಹೆಡರ್ ಪ್ರೆಶರ್ ನೋಡುತ್ತಿರಿ, ಅದು 4 ಬಾರ್ ಕಡೆಗೆ ಏರದೆ 3.3ರ ಹತ್ತಿರವೇ ಉಳಿದರೆ ಕಾಯುವ ಸೆಕೆಂಡುಗಳನ್ನು ಹೆಚ್ಚಿಸಿ. ಸಂಪಿನ ಫ್ಲೋಟನ್ನು ಕೈಯಿಂದ ಇಳಿಸಿ, ಪಂಪ್ ಆ ಕ್ಷಣ ನಿಲ್ಲಬೇಕು.

ಪ್ರತಿ ಪರೀಕ್ಷೆಯ ತಾರೀಖು ಮತ್ತು ಫಲಿತಾಂಶವನ್ನು ಮೊದಲ ಹಂತದ ಹಾಳೆಯ ಹಿಂದೆ ಬರೆದು, ಪಂಪ್ ಆಪರೇಟರಿಗೆ ಒಂದು ಪ್ರತಿ ಕೊಡಿ. ಕೈಯಿಂದ ಓಡಿಸುವ ಸ್ವಿಚ್ ಎಲ್ಲಿದೆ, ಯಾವಾಗ ಹಾಕಬೇಕು ಅಂತ ಅವರ ಕೈಯಲ್ಲೇ ಎರಡು ಸಲ ಮಾಡಿಸಿ.